ಉಕ್ಕಿನ ಹದ

ಕನ್ನಡ ಪಾಠ ಹೇಳಿದ ನಾನು ಕುಲುಮೆಯತ್ತ ಹೋದದ್ದು ಒಂದು ಶಬ್ದದ ಬೆನ್ನುಹತ್ತಿ. ದಕ್ಷಿಣ ಭಾರತದ ಮೂಸೆಯುಕ್ಕನ್ನು ಇಂಗ್ಲಿಷರು ‘ವೂಟ್ಸ್’ ಎಂದರು. ಅದು ನಮ್ಮ ‘ಉಕ್ಕು’ ಎಂಬುದರ ಅಪಭ್ರಂಶವೆಂದು ಹಲವು ವಿದ್ವಾಂಸರ ಮತ. ಹೆಸರು ಹೇಗಾದರೂ ಇರಲಿ, ಹದ ಕೈತಪ್ಪಿತ್ತು. ಮೆದು ಕಬ್ಬಿಣದಂತೆ ಇದನ್ನೂ ಬೆಳ್ಳಗೆ ಕಾಯಿಸಿ ಬಡಿದ ಯುರೋಪಿನ ಕಮ್ಮಾರರ ಸುತ್ತಿಗೆಯಡಿ ಅದು ಚೂರಾಯಿತು. ನೂರಕ್ಕೆ ಸುಮಾರು ಒಂದೂವರೆ ಪಾಲು ಇಂಗಾಲವುಳ್ಳ ಉಕ್ಕು ಅಷ್ಟು ಕಾವನ್ನು ತಾಳದು. ಲಂಡನ್ನಿನ ಚಾಕು ತಯಾರಕ ಸ್ಟೋಡಾರ್ಟ್ ಕತ್ತಲೆಯಲ್ಲಷ್ಟೇ ಕಾಣುವ ಮಂದಗೆಂಪು ಕಾವಿನಲ್ಲಿ ಅದನ್ನು ಬಡಿದು ಲೇಖನಿಯ ಚಾಕು ಮಾಡಿದುದನ್ನು ಪಿಯರ್ಸನ್ 1795ರಲ್ಲಿ ರಾಯಲ್ ಸೊಸೈಟಿಗೆ ತಿಳಿಸಿದರು. 1820ರಲ್ಲಿ ಅದೇ ಸ್ಟೋಡಾರ್ಟ್, ಫ್ಯಾರಡೆಯವರೊಡನೆ (ಅವರೂ ಕಮ್ಮಾರನ ಮಗನೇ!) ಇನ್ನೊಂದು ಮಾತು ಬರೆದರು: ಗಡಸಾದ ಅಲಗಿನ ಪೆಡಸು ಕಳೆಯಲು ಮತ್ತೆ ಕಾಯಿಸುವಾಗ ವೂಟ್ಸಿಗೆ ಇಂಗ್ಲಿಷ್ ಎರಕದುಕ್ಕಿಗಿಂತ 40 ಡಿಗ್ರಿ ಫ್ಯಾರನ್‌ಹೀಟ್ ಹೆಚ್ಚು ಬೇಕು. ಉಕ್ಕಿನೊಡನೆ ನಮ್ಮ ಕಮ್ಮಾರನೂ ಹಡಗು ಹತ್ತಿದ್ದರೆ ಆ ಚೂರುಗಳು ಬೀಳುತ್ತಿರಲಿಲ್ಲವೇನೋ.