ಧ್ವನಿಮುದ್ರಣದಲ್ಲಿ ಸಭಾಂಗಣದ ಅನುರಣನ: ಒಂದು ಚಾರಿತ್ರಿಕ ವಿವೇಚನೆ

ಪಾಶ್ಚಾತ್ಯ ವಾದ್ಯವೃಂದದ ಒಂದೊಂದು ವಾದ್ಯದ ಒಂದೊಂದು ಸ್ವರವನ್ನೂ ಪ್ರತ್ಯೇಕವಾಗಿ ಮುದ್ರಿಸಿಟ್ಟುಕೊಂಡು, ಬೇಕಾದಾಗ ಅವನ್ನು ಯಂತ್ರದ ಮೂಲಕ ಜೋಡಿಸಿ ಇಡಿಯ ಕೃತಿಯನ್ನು ನುಡಿಸುವ ಪದ್ಧತಿ ಇಂದು ಚಲನಚಿತ್ರ ಸಂಗೀತದಲ್ಲಿ ಸಾಮಾನ್ಯವಾಗಿದೆ. ಈ ಸ್ವರಮಾದರಿಗಳಿಗೆ ಸಭಾಂಗಣದ ಅನುರಣನವನ್ನೂ ಸಹಜವಾದ ಸಣ್ಣಪುಟ್ಟ ಸದ್ದುಗಳನ್ನೂ ಹೊರಗಿನಿಂದ ತಂದು ಸೇರಿಸುವ ವಾಡಿಕೆ ಹೇಗೆ ಬೆಳೆದುಬಂದಿತೆಂಬುದನ್ನು ಈ ಲೇಖನದಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ. ವಿಷಯವು ಮೇಲುನೋಟಕ್ಕೆ ಕೇವಲ ತಾಂತ್ರಿಕವೆಂದು ತೋರಬಹುದು. ಆದರೆ ಧ್ವನಿಮುದ್ರಿಕೆಯನ್ನು ಚರಿತ್ರೆಯ ಆಧಾರವೆಂದು ಬಳಸುವವರಿಗೆ ಇದರಿಂದ ಒದಗುವ ತೊಡಕು ಸಣ್ಣದಲ್ಲ.

ಮೊದಲು ಎರಡು ಪದಗಳ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳುವುದು ಯುಕ್ತ. ವಿಜಾಪುರದ ಗೋಳಗುಮ್ಮಟದಲ್ಲಿ ಚಪ್ಪಾಳೆ ತಟ್ಟಿದರೆ ಅದು ಬಿಡಿಬಿಡಿಯಾಗಿ ಹಲವು ಸಲ ಮರಳಿ ಕೇಳಿಸುತ್ತದೆ, ಅದು ಪ್ರತಿಧ್ವನಿ. ಸಂಗೀತಮಂದಿರದಲ್ಲಿಯಾದರೋ ಗೋಡೆ, ಚಾವಣಿ, ನೆಲಗಳಿಂದ ಮರಳುವ ಅಲೆಗಳು ಒಂದರೊಡನೊಂದು ಬೆರೆತು, ಬಿಡಿಯಾಗಿ ಕಿವಿಗೆ ಸಿಕ್ಕದೆ, ಕ್ರಮೇಣ ಅಡಗುತ್ತವೆ, ಇದು ಅನುರಣನ.

ಅನುರಣನವನ್ನು ಅಳೆದು ಶಾಸ್ತ್ರಕ್ಕೆ ಒಳಪಡಿಸಿದವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ವ್ಯಾಲೇಸ್ ಸೇಬಿನ್. ಅಲ್ಲಿಯ ಫಾಗ್ ಕಲಾಸಂಗ್ರಹಾಲಯದ ಉಪನ್ಯಾಸ ಮಂದಿರದಲ್ಲಿ ಆಡಿದ ಮಾತು ತಿಳಿಯದಂತಾಗಿದ್ದ ಕಾರಣ, ೧೮೯೫ರಲ್ಲಿ ಅವರು ಆರ್ಗನ್ ಕೊಳವೆ, ಕಾಲಮಾಪಕ ಮತ್ತು ನಾಟಕಶಾಲೆಯೊಂದರಿಂದ ಹೊತ್ತು ತಂದ ಆಸನದ ದಿಂಬುಗಳನ್ನು ಇಟ್ಟುಕೊಂಡು ಪ್ರಯೋಗಗಳನ್ನು ಆರಂಭಿಸಿದರು. ಕೊಠಡಿಯ ಘನಗಾತ್ರ ಹೆಚ್ಚಿದಂತೆ ಅನುರಣನದ ಅವಧಿ ಹೆಚ್ಚುತ್ತದೆ, ಧ್ವನಿಯನ್ನು ಹೀರುವ ವಸ್ತುಗಳು ಹೆಚ್ಚಿದಂತೆ ಅದು ಕುಗ್ಗುತ್ತದೆ ಎಂಬ ನಿಯಮ ಹೀಗೆ ದೊರೆಯಿತು. ೧೯೦೦ರಲ್ಲಿ ತೆರೆದ ಬಾಸ್ಟನ್ನಿನ ಸಿಂಫನಿ ಹಾಲ್ ಅವರ ಸಲಹೆಯಂತೆ ರಚಿತವಾಯಿತು.

ಧ್ವನಿಮುದ್ರಣದ ಆರಂಭಕಾಲದಲ್ಲಿ ಸಭಾಂಗಣಕ್ಕೆ ಎಡೆಯೇ ಇರಲಿಲ್ಲ. ೧೯೨೫ಕ್ಕೆ ಮುಂಚೆ ವಾದಕರು ಒಂದು ತುತ್ತೂರಿಯ ಬಾಯಿಗೆ ಮುಖಮಾಡಿ ಒತ್ತೊತ್ತಾಗಿ ಕುಳಿತು ನುಡಿಸಬೇಕಾಗಿತ್ತು. ಮಂದ್ರದ ತಂತೀವಾದ್ಯಗಳಿಗೆ ಬದಲಾಗಿ ಎಷ್ಟೋ ವೇಳೆ ಟ್ಯೂಬಾ ಊದುತ್ತಿದ್ದರು. ವಿದ್ಯುನ್ಮುದ್ರಣ ಬಂದ ಮೇಲೆ ಮೈಕ್ರೋಫೋನು ದೂರದ ಅಲೆಗಳನ್ನೂ ಗ್ರಹಿಸತೊಡಗಿತು. ಹೀಗಿರಲಾಗಿ, ಸಣ್ಣ ಕೊಠಡಿಯಲ್ಲಿ ಮುದ್ರಿಸಿದ್ದಕ್ಕೆ ದೊಡ್ಡ ಮಂದಿರದ ಗುಣವನ್ನು ಕೂಡಿಸುವ ಆಸೆಯೂ ಹುಟ್ಟಿತು. ಇದಕ್ಕೆ ಕಂಡುಕೊಂಡ ಮೊದಲ ಉಪಾಯ ಅತಿ ಸರಳವಾದುದು: ಗಟ್ಟಿ ಗೋಡೆಗಳ ಬರಿದಾದ ಕೋಣೆಯೊಂದರಲ್ಲಿ ಧ್ವನಿವರ್ಧಕದಿಂದ ಸಂಗೀತವನ್ನು ಹೊರಡಿಸಿ, ಅಲ್ಲಿ ಅನುರಣಿಸಿದ್ದನ್ನು ಮೈಕ್ರೋಫೋನಿನಿಂದ ಮರಳಿ ಪಡೆದು ಮೂಲದೊಡನೆ ಬೆರೆಸುವುದು. ೧೯೪೭ರಲ್ಲಿ ಶಿಕಾಗೋ ನಗರದ ಬಿಲ್ ಪಟ್ನಮ್ ಅವರು ಹಾರ್ಮೋನಿಕಾ ತಂಡವೊಂದರ ಮುದ್ರಣಕ್ಕಾಗಿ ಸ್ನಾನಗೃಹವನ್ನೇ ಈ ಕೆಲಸಕ್ಕೆ ಬಳಸಿದರು. ೧೯೫೭ರಲ್ಲಿ ಜರ್ಮನಿಯ ಇಎಂಟಿ ಸಂಸ್ಥೆಯು ಕೋಣೆಗೆ ಬದಲಾಗಿ ತೂಗುಹಾಕಿದ ತೆಳುವಾದ ಉಕ್ಕಿನ ಹಾಳೆಯನ್ನು ಬಳಕೆಗೆ ತಂದಿತು. ೧೯೬೧-೬೨ರಲ್ಲಿ ಬೆಲ್ ಪ್ರಯೋಗಶಾಲೆಯ ಮಾನ್‌ಫ್ರೆಡ್ ಶ್ರೋಡರ್ ಅವರು ಕೋಣೆಯನ್ನೂ ಹಾಳೆಯನ್ನೂ ಕೈಬಿಟ್ಟು, ಗಣಿತಕ್ರಿಯೆಯಿಂದಲೇ ಅನುರಣನವನ್ನು ಉತ್ಪಾದಿಸುವ ಮಾರ್ಗವನ್ನು ನಿರೂಪಿಸಿದರು. ಸೆಕೆಂಡಿಗೆ ಸುಮಾರು ೧೦೦೦ ಪ್ರತಿಧ್ವನಿಗಳಾದರೂ ಇಲ್ಲದಿದ್ದರೆ ಅದು ಸಹಜವಾಗಿ ಕೇಳಿಸದೆಂಬುದು ಅವರ ನಿರ್ಣಯ.

ಇಷ್ಟರವರೆಗೆ ವಾದಕರೆಲ್ಲರೂ ಕೂಡಿ ನುಡಿಸಿದ್ದಕ್ಕೇ ಅನುರಣನವನ್ನು ಸೇರಿಸಲಾಗುತ್ತಿತ್ತು. ಸ್ವರಮಾದರಿಗಳ ಯಂತ್ರಗಳು ಬಂದ ಬಳಿಕ ಪ್ರಶ್ನೆಯ ಸ್ವರೂಪವೇ ಬದಲಾಯಿತು. ೧೯೬೩ರಲ್ಲಿ ಇಂಗ್ಲೆಂಡಿನಲ್ಲಿ ತಯಾರಾದ ಮೆಲೊಟ್ರಾನ್ ವಾದ್ಯದಲ್ಲಿ ಪ್ರತಿಯೊಂದು ಮನೆಗೂ ಸುಮಾರು ೮ ಸೆಕೆಂಡು ನುಡಿಯುವ ಒಂದು ಟೇಪಿನ ತುಂಡು ಇರುತ್ತಿತ್ತು. ೧೯೭೯ರಲ್ಲಿ ಆಸ್ಟ್ರೇಲಿಯದಿಂದ ಬಂದ ಫೇರ್‌ಲೈಟ್ ಗಣಕಯಂತ್ರವು ಒಂದೇ ಮಾದರಿಯನ್ನು ಬೇರೆ ಬೇರೆ ಶ್ರುತಿಗಳಲ್ಲಿ ನುಡಿಸಬಲ್ಲುದಾಗಿತ್ತು; ಸ್ಟ್ರಾವಿನ್‌ಸ್ಕಿಯ ‘ಫೈರ್‌ಬರ್ಡ್’ ಕೃತಿಯ ಮುದ್ರಣದಿಂದ ಎತ್ತಿಕೊಂಡ ಒಂದು ಸ್ವರಮೇಳ ಅದರಲ್ಲಿ ಪ್ರಸಿದ್ಧವಾಯಿತು. ಆದರೆ ಮಾದರಿಯನ್ನು ಒಂದು ಸ್ಥಾಯಿ ಮೇಲಕ್ಕೆ ಏರಿಸಬೇಕಾದರೆ ಅದನ್ನು ಎರಡರಷ್ಟು ವೇಗದಲ್ಲಿ ಓಡಿಸಬೇಕಾಗಿತ್ತು. ಆಗ ಅದರೊಳಗೆ ಅಡಗಿದ್ದ ೨ ಸೆಕೆಂಡಿನ ಅನುರಣನ ೧ ಸೆಕೆಂಡಿಗೆ ಇಳಿಯುತ್ತಿತ್ತು. ಸ್ವರ ಏರಿದಂತೆ ಮಂದಿರವೇ ಕುಗ್ಗಿದ ಹಾಗೆ ಕಿವಿಗೆ ತೋರುತ್ತಿತ್ತು.

ಇದರ ಪರಿಹಾರಕ್ಕೆ ಎರಡು ಪಂಥಗಳು ಏರ್ಪಟ್ಟುವೆಂದು ಹೇಳಬಹುದು. ಅನುರಣನವಿಲ್ಲದ ಒಣ ಮಾದರಿಗಳನ್ನು ಮುದ್ರಿಸಿ ಎಲ್ಲಕ್ಕೂ ಕೊನೆಯಲ್ಲಿ ಒಂದೇ ಕೃತಕ ಮಂದಿರವನ್ನು ಕಲ್ಪಿಸುವುದು ಒಂದು. ೨೦೦೦ದಲ್ಲಿ ಸ್ಥಾಪಿತವಾದ ವಿಯೆನ್ನಾ ಸಿಂಫೊನಿಕ್ ಲೈಬ್ರರಿಯು ‘ಸೈಲೆಂಟ್ ಸ್ಟೇಜ್’ ಎಂಬ ನಿಶ್ಶಬ್ದ ವೇದಿಕೆಯನ್ನೇ ಕಟ್ಟಿಕೊಂಡು ಈ ಮಾರ್ಗವನ್ನು ಹಿಡಿಯಿತು. ಪ್ರತಿಯೊಂದು ಸ್ವರವನ್ನೂ ನಿಜವಾದ ಮಂದಿರದಲ್ಲಿಯೇ, ಹತ್ತಿರ ಮತ್ತು ದೂರದ ಹಲವು ಮೈಕ್ರೋಫೋನುಗಳಿಂದ ಏಕಕಾಲದಲ್ಲಿ ಮುದ್ರಿಸುವುದು ಎರಡನೆಯದು. ಲಂಡನ್ನಿನ ಸ್ಪಿಟ್‌ಫೈರ್ ಸಂಸ್ಥೆಯು ಹಿಂದೆ ಚರ್ಚಾಗಿದ್ದ ಲಿಂಡ್‌ಹರ್ಸ್ಟ್ ಹಾಲ್‌ನಲ್ಲಿ ಮಾಡಿದ ಮುದ್ರಣಗಳು ಈ ಬಗೆಯವು. ಮುಂದೆ ವಿಯೆನ್ನಾದ ಸಂಸ್ಥೆಯೇ ದೊಡ್ಡದೊಂದು ಮುದ್ರಣಮಂದಿರವನ್ನು ಪಡೆದು ಅಲ್ಲಿ ಮಾದರಿಗಳನ್ನು ತೆಗೆಯತೊಡಗಿದ್ದು ಗಮನಾರ್ಹ.

ಸದ್ದಿನ ವಿಷಯವೂ ಇದಕ್ಕೆ ಸಮಾನವಾದುದು. ಒಂದು ಮಾದರಿಯಲ್ಲಿ ಕೇಳಿಸದಷ್ಟು ಕ್ಷೀಣವಾಗಿರುವ ಹಿನ್ನೆಲೆಯ ಸದ್ದು, ೧೬ ಸ್ವರಗಳು ಒಟ್ಟಿಗೆ ನುಡಿದಾಗ ಸುಮಾರು ೧೨ ಡೆಸಿಬೆಲ್‌ಗಳಷ್ಟು ಏರುತ್ತದೆ. ಅಷ್ಟೇ ಅಲ್ಲದೆ, ಅದು ಸ್ವರದೊಡನೆ ಹುಟ್ಟಿ ಸ್ವರದೊಡನೆಯೇ ನಿಲ್ಲುವುದರಿಂದ ಕಿವಿಗೆ ಕೃತಕವೆಂದು ಒಡನೆಯೇ ತಿಳಿಯುತ್ತದೆ. ಹಾಗೆಂದು ಸದ್ದನ್ನು ಪೂರ್ಣವಾಗಿ ಅಳಿಸಿದರೆ, ಸ್ವರಗಳ ನಡುವೆ ಯಾವ ಮಂದಿರದಲ್ಲಿಯೂ ಇಲ್ಲದಂಥ ಶೂನ್ಯ ಉಂಟಾಗುತ್ತದೆ. ಆದ ಕಾರಣ ಮಾದರಿಗಳನ್ನು ಶುದ್ಧಗೊಳಿಸಿ, ಜನರು ಸುಮ್ಮನೆ ಕುಳಿತಿರುವ ಮಂದಿರದ ಎಡೆಬಿಡದ ಸದ್ದನ್ನು ಹಿನ್ನೆಲೆಗೆ ಹಾಸುವ ಪದ್ಧತಿ ಬಂದಿತು. ಕಮಾನಿನ ತಿಕ್ಕಾಟ, ವಾದಕನ ಉಸಿರು, ಕುರ್ಚಿಯ ಕಿರುಗುಟ್ಟುವಿಕೆ, ಹಾಳೆ ತಿರುವುವ ಸದ್ದು ಇವೂ ಅದರ ಜೊತೆಗೆ ಸೇರಿದುವು. ಮೂರು ತಲೆಮಾರಿನ ಯಂತ್ರಜ್ಞರು ಯಾವುದನ್ನು ಕಳೆಯಲು ಶ್ರಮಿಸಿದರೋ ಅದನ್ನೇ ನಾಲ್ಕನೆಯ ತಲೆಮಾರು ಅಳತೆಯಿಟ್ಟು ಮರಳಿ ತಂದಿತು.

ಮಂದಿರದ ಗುಣವನ್ನು ಯಥಾವತ್ತಾಗಿ ಹಿಡಿಯುವ ಕ್ರಮವೂ ಇದೇ ಕಾಲದಲ್ಲಿ ಸಿದ್ಧಿಸಿತು. ಮಂದಿರದಲ್ಲಿ ಮಂದ್ರದಿಂದ ತಾರದವರೆಗೆ ಏರುವ ಒಂದು ಧ್ವನಿಯನ್ನು ಹೊರಡಿಸಿ, ಮರಳಿ ಬಂದದ್ದನ್ನು ಗಣಿಸಿದರೆ, ಕ್ಷಣಮಾತ್ರದ ಸದ್ದಿಗೆ ಆ ಸ್ಥಳವು ಕೊಡುವ ಉತ್ತರ ದೊರೆಯುತ್ತದೆ. ಇದನ್ನು ಯಾವ ಒಣ ಮುದ್ರಣಕ್ಕೂ ಅನ್ವಯಿಸಬಹುದು. ಇಟಲಿಯ ಆಂಜೆಲೊ ಫರೀನಾ ೨೦೦೦ದಲ್ಲಿ ಈ ವಿಧಾನದ ಸುಧಾರಿತ ರೂಪವನ್ನು ಪ್ರಕಟಿಸಿದರು. ವೆನಿಸ್ಸಿನ ಲಾ ಫೆನೀಚೆ ರಂಗಮಂದಿರವು ೧೯೯೬ರ ಜನವರಿ ೨೯ರಂದು ಸುಟ್ಟುಹೋಗುವುದಕ್ಕೆ ಸ್ವಲ್ಪವೇ ಮೊದಲು ಲಂಬೆರ್ತೊ ಟ್ರೊಂಕಿನ್ ಮತ್ತು ಫರೀನಾ ಅದರ ಧ್ವನಿಗುಣವನ್ನು ಅಳೆದಿಟ್ಟಿದ್ದರು. ಪ್ಯಾರಿಸ್ಸಿನ ನೋತ್ರ್ ದಾಮ್ ಪ್ರಧಾನ ದೇವಾಲಯವು ೨೦೧೯ರ ಏಪ್ರಿಲ್ ೧೫ರಂದು ಬೆಂಕಿಗೆ ತುತ್ತಾಗುವ ಮುಂಚೆ, ೨೦೧೩ರಲ್ಲಿ, ಅಲ್ಲಿಯೂ ಇಂತಹ ಅಳತೆ ನಡೆದಿತ್ತು. ಕಟ್ಟಡ ಅಳಿದರೂ ಅದರ ಅನುರಣನ ಉಳಿಯಿತು. ಸಂಗೀತದ ಚರಿತ್ರೆಗೆ ಇದು ಅಪೂರ್ವವಾದ ಲಾಭವೆನ್ನದೆ ವಿಧಿಯಿಲ್ಲ.

ಆದರೆ ಲಾಭದ ಮಗ್ಗುಲಲ್ಲಿಯೇ ಅಪಾಯವೂ ಇದೆ. ಧ್ವನಿಮುದ್ರಿಕೆಯಲ್ಲಿ ಕೇಳಿಬರುವ ಅನುರಣನವೂ ಕೆಮ್ಮೂ ಕುರ್ಚಿಯ ಸದ್ದೂ ಹಿಂದೆ ಒಂದು ಸಂಗತಿಗೆ ಸಾಕ್ಷಿಯಾಗಿದ್ದುವು: ಇಂಥ ಸ್ಥಳದಲ್ಲಿ ಇಷ್ಟು ಜನ ಕೂಡಿ ನುಡಿಸಿದರು ಎಂಬುದಕ್ಕೆ. ಇಂದು ಆ ಸಾಕ್ಷ್ಯ ತಾನಾಗಿಯೇ ನಿಲ್ಲಲಾರದು. ಶಾಸನವನ್ನು ಓದುವವರು ಅದರ ಒಕ್ಕಣೆಯನ್ನಷ್ಟೇ ನಂಬದೆ ಲಿಪಿ, ಭಾಷೆ, ತಿಥಿವಾರಗಳನ್ನು ಪರೀಕ್ಷಿಸಿ ಕೂಟಶಾಸನವನ್ನು ಬೇರ್ಪಡಿಸುವಂತೆ, ಮುದ್ರಿಕೆಯನ್ನು ಬಳಸುವವರೂ ಅದರ ಮಂದಿರ ಎಲ್ಲಿಯದು, ಸದ್ದು ಎಲ್ಲಿಂದ ಬಂದುದು, ಯಾವ ಹಂತದಲ್ಲಿ ಸೇರಿದುದು ಎಂದು ಕೇಳಬೇಕಾಗಿದೆ. ಸೇರಿಸಿದ್ದೆಲ್ಲವೂ ಸುಳ್ಳೆಂಬುದು ನಮ್ಮ ಅಭಿಪ್ರಾಯವಲ್ಲ. ಕಲೆಯಲ್ಲಿ ಅದಕ್ಕೆ ನ್ಯಾಯವಾದ ಸ್ಥಾನವುಂಟು. ಸೇರಿಸಿದ್ದರ ಲೆಕ್ಕ ಉಳಿಯಬೇಕೆಂಬುದಷ್ಟೇ ನಮ್ಮ ಸೂಚನೆ. ಮುದ್ರಿಕೆಗಳನ್ನು ಸಂಗ್ರಹಿಸುವ ಸಂಸ್ಥೆಗಳು ಪೂರ್ಣಗೊಂಡ ಪ್ರತಿಯೊಡನೆ ಸಂಸ್ಕರಿಸದ ಮೂಲವನ್ನೂ, ಮಾಡಿದ ಸಂಸ್ಕಾರದ ವಿವರವನ್ನೂ ಕಾಯ್ದಿರಿಸಿದರೆ, ಮುಂದಿನ ಸಂಶೋಧಕರಿಗೆ ನಿಜವಾಗಿ ನೆರೆದ ಸಭೆ ಯಾವುದು, ಕಲ್ಪಿತವಾದ ಸಭೆ ಯಾವುದು ಎಂಬುದನ್ನು ತಿಳಿಯುವ ದಾರಿ ತೆರೆದಿರುತ್ತದೆ.