ಬೆಂಗಳೂರು: ಹಳೆಯ ಜಾಗ, ಹೊಸ ಬಳಕೆ

ಬೆಂಗಳೂರಿನ ನಡುಭಾಗದಲ್ಲಿ 2008ರಿಂದೀಚೆಗೆ ಜನರನ್ನು ಸೆಳೆದ ತಾಣಗಳಲ್ಲಿ ಹಲವು, ಮೊದಲೇ ಇದ್ದ ಜಾಗಕ್ಕೆ ಬೇರೆ ಕೆಲಸ ಹಚ್ಚಿದ್ದರಿಂದ ಹುಟ್ಟಿದವು. ಜೈಲು ಉದ್ಯಾನವಾಯಿತು, ಬಂಗಲೆ ಕಲಾ ಗ್ಯಾಲರಿಯಾಯಿತು, ಮೆಟ್ರೊ ಹಳಿಯ ಕೆಳಗೆ ರಂಗಮಂದಿರ ಬಂತು. ಸವೆದ ಬೀದಿಗಳಿಗೆ ಕಲ್ಲುಹಾಸು ಬಿತ್ತು.

ಇವುಗಳಲ್ಲಿ ಕಥೆ ಹೆಚ್ಚಿರುವುದು ಫ್ರೀಡಂ ಪಾರ್ಕ್‌ಗೆ. 19ನೇ ಶತಮಾನದ ಕೇಂದ್ರ ಕಾರಾಗೃಹ ಪರಪ್ಪನ ಅಗ್ರಹಾರಕ್ಕೆ ಸ್ಥಳಾಂತರವಾದ ಮೇಲೆ ಅದರ ಆವರಣ 2008ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ವಿನ್ಯಾಸ ಮಾಡಿದ ಮ್ಯಾಥ್ಯೂ ಆ್ಯಂಡ್ ಘೋಷ್ ಸಂಸ್ಥೆ ಕಾವಲು ಗೋಪುರವನ್ನೂ ಕೆಲವು ಬ್ಯಾರಕ್‌ಗಳನ್ನೂ ಉಳಿಸಿಕೊಂಡಿತು. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಇದೇ ಜೈಲಿನಲ್ಲಿದ್ದರು. 'ಸಂಸ್ಕಾರ' ಚಿತ್ರದ ನಟಿ ಸ್ನೇಹಲತಾ ರೆಡ್ಡಿ ತಿಂಗಳುಗಟ್ಟಲೆ ಇಲ್ಲಿ ಬಂದಿಯಾಗಿದ್ದು, ಆಸ್ತಮಾದಿಂದ ನರಳಿ, ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. 2021ರ ಆದೇಶದ ಪ್ರಕಾರ ನಗರದಲ್ಲಿ ಧರಣಿ, ಪ್ರತಿಭಟನೆಗೆ ಅವಕಾಶವಿರುವುದೂ ಇದೇ ಆವರಣದಲ್ಲಿ. ಸರ್ಕಾರವನ್ನು ಎದುರಿಸಿದವರನ್ನು ಕೂಡಿಹಾಕುತ್ತಿದ್ದ ಗೋಡೆಯೊಳಗೇ ಈಗ ಘೋಷಣೆ ಕೂಗಬೇಕು. ಇದನ್ನು ಯಾರೂ ವ್ಯಂಗ್ಯವೆಂದು ಯೋಜಿಸಿರಲಾರರು.

ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿ 2009ರಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯ ಶಾಖೆ ಆರಂಭವಾಯಿತು. ಕಸ್ತೂರಬಾ ರಸ್ತೆಯಲ್ಲಿ 2023ರ ಫೆಬ್ರುವರಿಯಲ್ಲಿ ತೆರೆದ ಕಲೆ ಮತ್ತು ಛಾಯಾಚಿತ್ರ ವಸ್ತುಸಂಗ್ರಹಾಲಯ ಮಾತ್ರ ಪೂರ್ತಿ ಹೊಸ ಕಟ್ಟಡ. ಹೊರಮೈಗೆ ಹೊದಿಸಿರುವ ಉಕ್ಕಿನ ಹಲಗೆಗಳ ಉಬ್ಬುಗೆರೆಗಳು ಹಳೆಯ ನೀರಿನ ಟ್ಯಾಂಕಿನ ತಗಡನ್ನು ನೆನಪಿಸುತ್ತವೆ.

ಎಂ.ಜಿ. ರಸ್ತೆಯ ಬದಿಗಿದ್ದ ನೆರಳಿನ ಕಾಲುದಾರಿ ಮೆಟ್ರೊ ಕಾಮಗಾರಿಗೆ ಬಲಿಯಾಯಿತು. 2011ರ ಅಕ್ಟೋಬರ್‌ನಲ್ಲಿ ರೈಲು ಓಡತೊಡಗಿತು. ಹಳಿಯ ಕೆಳಗೆ 2013ರಲ್ಲಿ 'ರಂಗೋಲಿ' ಕಲಾ ಕೇಂದ್ರ ಬಂತು. ಇಲ್ಲಿನ 'ರಂಗಸ್ಥಳ'ದಲ್ಲಿ ನಾಟಕ ನಡೆಯುತ್ತದೆ, 'ಛಾಯಾ' ಮತ್ತು 'ವಿಸ್ಮಯ' ಗ್ಯಾಲರಿಗಳಲ್ಲಿ ಚಿತ್ರಪ್ರದರ್ಶನ.

ಎಂ.ಜಿ. ರಸ್ತೆಗೆ ಸಮಾನಾಂತರವಾಗಿರುವ ಚರ್ಚ್ ಸ್ಟ್ರೀಟ್ 2018ರಲ್ಲಿ 'ಟೆಂಡರ್ ಶ್ಯೂರ್' ಮಾದರಿಯಲ್ಲಿ ಹೊಸದಾಯಿತು. ಒಂದು ಇಲಾಖೆ ಟಾರು ಹಾಕಿ ಹೋದ ಮೇಲೆ ಇನ್ನೊಂದು ಬಂದು ಅಗೆಯುವುದು ಬೆಂಗಳೂರಿಗರಿಗೆ ಚಿರಪರಿಚಿತ. ಈ ಮಾದರಿಯಲ್ಲಿ ನೀರು, ಒಳಚರಂಡಿ, ವಿದ್ಯುತ್, ಕೇಬಲ್ ಮಾರ್ಗಗಳಿಗೆ ಮೊದಲೇ ಜಾಗ ಗೊತ್ತುಮಾಡಿ, ಅಗಲವಾದ ಫುಟ್‌ಪಾತ್ ಹಾಸುತ್ತಾರೆ. ವಾಹನದ ಪಥ ಒಂದೇ ಅಗಲಕ್ಕೆ ನಿಲ್ಲುತ್ತದೆ. ಚರ್ಚ್ ಸ್ಟ್ರೀಟ್‌ನಲ್ಲಿ ಟಾರಿನ ಬದಲು ಕಲ್ಲನ್ನೇ ಹಾಸಲಾಯಿತು. 2020ರ ನವೆಂಬರ್‌ನಿಂದ ಕೆಲವು ತಿಂಗಳು ವಾರಾಂತ್ಯದಲ್ಲಿ ವಾಹನ ಸಂಚಾರವನ್ನೂ ನಿಲ್ಲಿಸಿ ನೋಡಿದರು. ಬೀದಿಗೆ ಕಳೆ ತಂದದ್ದು ಕಲ್ಲೊಂದೇ ಎನ್ನಲಾಗದು. ಬ್ಲಾಸಮ್, ಬುಕ್‌ವರ್ಮ್‌ನಂಥ ಪುಸ್ತಕದಂಗಡಿಗಳು ಅದಕ್ಕೂ ಮೊದಲೇ ಇಲ್ಲಿಗೆ ಓದುಗರನ್ನು ಎಳೆದಿದ್ದವು; ಎಂ.ಜಿ. ರಸ್ತೆಯಲ್ಲಿದ್ದ ಇಂಡಿಯಾ ಕಾಫಿ ಹೌಸ್ 2009ರಲ್ಲಿ ಇಲ್ಲಿಗೇ ಬಂದಿತ್ತು.

ಎಲ್ಲ ಹಳೆಯ ಜಾಗವೂ ಸಾರ್ವಜನಿಕರ ಪಾಲಿಗೆ ಬರಲಿಲ್ಲ. ಮಲ್ಲೇಶ್ವರದ ರಾಜಾ ಮಿಲ್ ಇದ್ದಲ್ಲಿ ಮಂತ್ರಿ ಸ್ಕ್ವೇರ್ ಮಾಲ್ ಎದ್ದಿತು, ಬಿಯರ್ ಕಾರ್ಖಾನೆಯ ನೆಲದಲ್ಲಿ ಯುಬಿ ಸಿಟಿ.

ಬಸವನಗುಡಿಯ ಗಾಂಧಿ ಬಜಾರ್‌ನದು ಬೇರೆಯೇ ಲೆಕ್ಕ. ವಿದ್ಯಾರ್ಥಿ ಭವನದ ದೋಸೆಗೆ ಸಾಲು ನಿಲ್ಲುವ, ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಬಾಳೆಕಂದು, ತಾವರೆ, ಸೇವಂತಿಗೆ ಮಾಲೆಗಳ ನಡುವೆ ಕಾಲಿಡಲೂ ಜಾಗವಿರದ ಬೀದಿ ಇದು. ಪಾದಚಾರಿಗಳಿಗೆ ಆದ್ಯತೆ ಕೊಡುವ ಯೋಜನೆ ಇಲ್ಲಿಗೂ ಬಂತು. ಕಾಮಗಾರಿ ಎಳೆದಾಡಿದಾಗ ವ್ಯಾಪಾರ ಬಿದ್ದುಹೋಯಿತೆಂದು ಅಂಗಡಿಯವರು ತಕರಾರೆತ್ತಿದರು. ಪಾರ್ಕಿಂಗ್ ಎಲ್ಲಿ ಎಂಬ ಪ್ರಶ್ನೆಯಂತೂ ಬಿಡಲಿಲ್ಲ. ಹೂವು ಮಾರುವವರಿಗೆ ದಿನದ ದುಡಿಮೆಯೇ ಬಂಡವಾಳವಾದ್ದರಿಂದ ಇಂಥ ತಿಂಗಳುಗಳ ಹೊರೆ ಅವರ ಮೇಲೆಯೇ ಹೆಚ್ಚು.

ಟೆಂಡರ್ ಶ್ಯೂರ್‌ನ ಮೊದಲ ಹಂತದ ರಸ್ತೆಗಳು ರೆಸಿಡೆನ್ಸಿ, ಸೇಂಟ್ ಮಾರ್ಕ್ಸ್, ಮ್ಯೂಸಿಯಂ, ಕನ್ನಿಂಗ್‌ಹ್ಯಾಮ್ ಎಂದು ಹೆಚ್ಚಾಗಿ ದಂಡು ಪ್ರದೇಶದವೇ. ಕೆಂಪೇಗೌಡರ ಕಾಲದ ಪೇಟೆಗೆ ಮೊದಲು ತಲುಪಿದ್ದು ಮೆಟ್ರೊ. 2017ರ ಜೂನ್‌ನಲ್ಲಿ ಚಿಕ್ಕಪೇಟೆ, ಕೃಷ್ಣರಾಜೇಂದ್ರ ಮಾರುಕಟ್ಟೆಗಳಿಗೆ ನೆಲದಡಿಯ ನಿಲ್ದಾಣ ಸಿಕ್ಕಿತು. ಸೀರೆ ಕೊಳ್ಳಲು ಬರುವವರಿಗೆ ಕಾರಿನ ತಾಪತ್ರಯ ತಪ್ಪಿತು. ಎಸ್ಕಲೇಟರ್ ಹತ್ತಿ ಮೇಲೆ ಬಂದರೆ ಮಾತ್ರ ಮೂಟೆ ಹೊತ್ತ ಹಮಾಲರು, ಸ್ಕೂಟರುಗಳು, ಕೈಗಾಡಿಗಳ ನಡುವೆಯೇ ದಾರಿ ಮಾಡಿಕೊಳ್ಳಬೇಕು.