ಬ್ಯಾಡ್ಮಿಂಟನ್ ಆಟದಲ್ಲಿ ಪಾದನ್ಯಾಸ

ಬಾಣವನ್ನು ಬಿಡುವುದಕ್ಕೆ ಮೊದಲು ಬಿಲ್ಲಾಳು ತನ್ನ ಕಾಲುಗಳನ್ನು ನೆಲೆಗೊಳಿಸಬೇಕೆಂಬುದನ್ನು ಪ್ರಾಚೀನರು ಚೆನ್ನಾಗಿ ಅರಿತಿದ್ದರು. ಅಮರಕೋಶವು ಆಲೀಢ, ಪ್ರತ್ಯಾಲೀಢ ಮೊದಲಾದ ಐದು ಸ್ಥಾನಗಳನ್ನು ಹೇಳಿದೆ. ಕಲಬುರಗಿಗೆ ನೆರೆಯದಾದ ಕಲ್ಯಾಣದಲ್ಲಿ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವು ಮಲ್ಲರ ಕಾಳಗವನ್ನೂ ಕುದುರೆಯೇರಿ ಆಡುವ ಚೆಂಡಾಟವನ್ನೂ ರಾಜವಿನೋದಗಳಲ್ಲಿ ಎಣಿಸಿದೆ. ಇಂತಹ ನಾಡಿನವರಿಗೆ ಬ್ಯಾಡ್ಮಿಂಟನ್ ಆಟದಲ್ಲಿ ಎದುರಾಳಿಯ ಸರ್ವೀಸನ್ನು ಸ್ವೀಕರಿಸುವವನ ನಿಲುವು ತೀರ ಹೊಸದಾಗಿ ತೋರಲಾರದು. ಬಲಗೈ ಆಟಗಾರನು ಎಡಗಾಲನ್ನು ಮುಂದಿರಿಸಿ, ಬಲಗಾಲನ್ನು ಹಿಂದಕ್ಕೆ ಸೆಳೆದು, ಮೊಣಕಾಲುಗಳನ್ನು ತುಸು ಬಾಗಿಸಿ ನಿಲ್ಲುವನು. ಇದು ಪ್ರತ್ಯಾಲೀಢವನ್ನೇ ಹೋಲುವುದು.

ಈ ಆಟದ ನಿಯಮಗಳು 1870ರ ದಶಕದಲ್ಲಿ ಪುಣೆಯ ಆಂಗ್ಲ ಸೈನ್ಯಾಧಿಕಾರಿಗಳ ನಡುವೆ ರೂಪುಗೊಂಡವು. 1899ರಲ್ಲಿ ಆಲ್ ಇಂಗ್ಲೆಂಡ್ ಪಂದ್ಯಗಳು ಆರಂಭವಾದವು. ಸರ್ವೀಸು ಮೊದಲಾದಾಗಿನಿಂದ ಗರಿಚೆಂಡು ರಾಕೆಟ್ಟಿನಿಂದ ಹೊರಡುವವರೆಗೆ ಸ್ವೀಕರಿಸುವವನ ಪಾದಗಳೆರಡೂ ಕದಲದೆ, ಗೆರೆಯನ್ನು ಮುಟ್ಟದೆ, ನೆಲಕ್ಕೆ ತಗುಲಿರಬೇಕೆಂಬುದು ನಿಯಮ. ಆದಕಾರಣ ಅವನ ಸನ್ನಾಹವೆಲ್ಲವೂ ನಿಶ್ಚಲತೆಯೊಳಗೇ ಅಡಗಿರಬೇಕು. ಮೈಭಾರವು ಪಾದಗಳ ಮುಂಭಾಗದಲ್ಲಿದ್ದು ಹಿಮ್ಮಡಿ ಹಗುರವಾಗಿದ್ದರೆ ಮಾತ್ರ ಚೆಂಡು ಹೊರಟೊಡನೆ ಮುಂದಕ್ಕಾಗಲಿ ಹಿಂದಕ್ಕಾಗಲಿ ಚಿಮ್ಮುವುದು ಸಾಧ್ಯ.

ನಿಲ್ಲುವ ಎಡೆಯನ್ನು ಅಂಗಣದ ಅಳತೆಯೇ ನಿರ್ಣಯಿಸುವುದು. ಒಬ್ಬರಿಗೊಬ್ಬರು ಆಡುವಾಗ ಸರ್ವೀಸು ಬೀಳಬೇಕಾದ ಮನೆಯ ಉದ್ದ 15½ ಅಡಿ. ಆದುದರಿಂದ ಸ್ವೀಕರಿಸುವವನು ಮುಂಗೆರೆಯಿಂದ ಕೆಲವು ಅಡಿ ಹಿಂದೆ ನಿಂತು ಎರಡು ತುದಿಗಳನ್ನೂ ಕಾಯುವನು. ಜೋಡಿ ಆಟದಲ್ಲಿ ಅದು 13 ಅಡಿ ಮಾತ್ರ. ಹಿಂಬದಿಯ ಭಯ ಕಡಮೆಯಾದ್ದರಿಂದ ಮುಂಗೆರೆಯ ಬಳಿಗೆ ಸರಿದು, ರಾಕೆಟ್ಟನ್ನೆತ್ತಿ, ಮೇಲೆ ಬೀಳಲು ಕಾದಿರುವನು.

ಈ ನಿಲುವಿನ ಫಲವೇನೆಂಬುದನ್ನು ಕನ್ನಡ ನಾಡಿನ ಪ್ರಕಾಶ ಪಡುಕೋಣೆಯವರ ಆಟವು ತೋರಿಸಿಕೊಟ್ಟಿತು. 1955ರಲ್ಲಿ ಜನಿಸಿದ ಅವರು ಬೆಂಗಳೂರಿನ ಮಲ್ಲೇಶ್ವರದ ಕೆನರಾ ಯೂನಿಯನ್ ಸಭಾಂಗಣದಲ್ಲಿ ಆಟ ಕಲಿತರು. ಅದು ಮದುವೆಗಳು ನಡೆಯುವ ಎಡೆ. ಸಮಾರಂಭವಿಲ್ಲದ ದಿನ ಮಾತ್ರ ಹುಡುಗರಿಗೆ ಅಂಗಣ ದೊರೆಯುತ್ತಿತ್ತು. 1980ರ ಆಲ್ ಇಂಗ್ಲೆಂಡ್ ಅಂತಿಮ ಪಂದ್ಯದಲ್ಲಿ ಅವರು, ಹಿಂದಿನ ಎರಡು ವರ್ಷಗಳಲ್ಲಿ ಗೆದ್ದಿದ್ದ ಇಂಡೊನೇಷ್ಯದ ಲಿಯೆಮ್ ಸ್ವೀ ಕಿಂಗ್‌ನನ್ನು 15-3, 15-10ರಿಂದ ಸೋಲಿಸಿದರು. ಆ ಪದವಿಯನ್ನು ಪಡೆದ ಭಾರತೀಯರಲ್ಲಿ ಅವರೇ ಮೊದಲಿಗರು.

ಇಲ್ಲಿ ವಾಚಕರು ಗಮನಿಸತಕ್ಕ ಸೂಕ್ಷ್ಮವೊಂದುಂಟು. ಅಂದಿನ ಪದ್ಧತಿಯಲ್ಲಿ ಸರ್ವೀಸು ಮಾಡಿದವನಿಗೆ ಮಾತ್ರ ಅಂಕ ಸಲ್ಲುತ್ತಿತ್ತು. ಸ್ವೀಕರಿಸಿದವನು ಗೆದ್ದರೆ ಸರ್ವೀಸಿನ ಹಕ್ಕಷ್ಟೇ ಕೈಸೇರುತ್ತಿತ್ತು. ಹಾಗಿರಲು ಮೊದಲ ಆಟದಲ್ಲಿ ಕಿಂಗ್‌ಗೆ ಮೂರೇ ಅಂಕಗಳು ಬಂದುವೆಂದರೆ, ಅವನ ಸರ್ವೀಸನ್ನು ಪ್ರಕಾಶರು ಪ್ರತಿಸಲವೂ ಬೇಗನೆ ಕಿತ್ತುಕೊಂಡರೆಂದೇ ಅರ್ಥ. ಆ 3 ಎಂಬ ಅಂಕೆಯು ಸ್ವೀಕರಿಸುವವನ ಸಾಮರ್ಥ್ಯಕ್ಕೆ ಸಾಕ್ಷಿ.

2006ರಲ್ಲಿ ಪದ್ಧತಿಯು ಮಾರ್ಪಟ್ಟು, ಯಾರು ಗೆದ್ದರೂ ಅವರಿಗೆ ಅಂಕ ಸಲ್ಲುವಂತಾಯಿತು. ಆಟವು 21ಕ್ಕೆ ನಿಂತಿತು. ಹಿಂದೆ ಹಕ್ಕನ್ನು ಮಾತ್ರ ತರುತ್ತಿದ್ದ ನಿಲುವು ಅಂದಿನಿಂದ ಅಂಕವನ್ನೇ ತರತೊಡಗಿತು. ಮಕ್ಕಳಿಗೆ ಆಟ ಕಲಿಸುವ ಹಿರಿಯರು ಕೈಯ ಹೊಡೆತಕ್ಕೆ ಮೊದಲು ಕಾಲಿನ ನೆಲೆಯನ್ನು ತಿದ್ದುವುದು ಇದರಿಂದ ಇನ್ನಷ್ಟು ಅವಶ್ಯವಾಗಿದೆ.